40 ಮಿಮೀ ಲಿಫ್ಟ್ ಸಾಕಾಯಿತು: ಪಿಕಪ್‌ಗೆ ಸ್ಪ್ರಿಂಗ್, ಶಾಕ್ ಆರಿಸಿದ ನನ್ನ ಅನುಭವ

ಮುಂದೆ ಸುಮಾರು 40 ಮಿಮೀ, ಹಿಂದೆಯೂ ಹೆಚ್ಚುಕಮ್ಮಿ ಅಷ್ಟೇ. ನನ್ನ ಪಿಕಪ್‌ನ ಲಿಫ್ಟ್, ಅಂದರೆ ಸಸ್ಪೆನ್ಷನ್ ಬದಲಿಸಿ ಗಾಡಿ ಎತ್ತರಿಸಿದ್ದು, ಇಷ್ಟೇ. ಪ್ಲ್ಯಾನ್ ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "3 ಇಂಚು ಇಲ್ಲದಿದ್ದರೆ ಅದು ಲಿಫ್ಟೇ ಅಲ್ಲ, ದುಡ್ಡು ದಂಡ" ಅಂದರು. ಅವರಲ್ಲಿ ಇಬ್ಬರು ಈಗ ನನ್ನ ಗಾಡಿ ಓಡಿಸಿ ನೋಡಿ, ತಮ್ಮ ಗಾಡಿಯನ್ನು ಇಳಿಸುವ ಲೆಕ್ಕ ಹಾಕುತ್ತಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ ನನ್ನ ಕೈಗೆ ಬಂದಾಗ ಅದರಲ್ಲಿ ಸ್ಪೇಸರ್ ಕಿಟ್ ಇತ್ತು. ಮುಂದೆ ಸ್ಟ್ರಟ್ (ಶಾಕ್, ಕಾಯಿಲ್ ಸ್ಪ್ರಿಂಗ್ ಸೇರಿದ ಜೋಡಣೆ) ಒಳಗೆ, ಕಾಯಿಲ್ ಮೇಲೆ ಕೂರುವ ಸ್ಪೇಸರ್, ಅಂದರೆ ಎತ್ತರಕ್ಕೆ ಕೊಡುವ ದಪ್ಪ ಬಿಲ್ಲೆ. ಹಿಂದೆ ಆಕ್ಸಲ್ ಮತ್ತು ಲೀಫ್ (ಪ್ಲೇಟು ಸ್ಪ್ರಿಂಗ್) ನಡುವೆ 2 ಇಂಚಿನ ಬ್ಲಾಕ್. ನಿಂತಾಗ ನೋಡೋಕೆ ಚೆನ್ನಾಗಿತ್ತು, ಓಡಿಸುವಾಗ ಸಾಕುಸಾಕಾಗುತ್ತಿತ್ತು. ಹಂಪ್ ಹತ್ತಿ ಇಳಿದ ಕೂಡಲೇ ಮುಂದಿನಿಂದ ಟಕ್ ಅಂತ ಕಬ್ಬಿಣದ ಸದ್ದು. ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ನೇತುಬಿಟ್ಟು, ಹಬ್‌ನ ನಡುವಿನಿಂದ ಫೆಂಡರ್ ಅಂಚಿಗೆ ಟೇಪು ಹಿಡಿದೆ. ಚಕ್ರ ಕೆಳಗೆ ಇಳಿಯುತ್ತಿದ್ದದ್ದು ಬರೀ 30 ಮಿಮೀ ಆಸುಪಾಸು. ಸ್ಪೇಸರ್ ತೆಗೆದು ಅಳೆದಾಗ 90ರ ಹತ್ತಿರ ಬಂತು. ಅಂದರೆ ಆ ಎತ್ತರ ಬಂದದ್ದು ಚಕ್ರ ಇಳಿಯುವ ಟ್ರಾವೆಲ್ (ಓಡಾಟದ ಜಾಗ) ತಿಂದುಕೊಂಡು. ಶಾಕ್ ಅಷ್ಟೇ ಉದ್ದ ಇರುವಾಗ ಬೇರೆ ಎಲ್ಲಿಂದ ಬರಬೇಕು?

ಸ್ಟ್ರಟ್ ತಲೆಯ ಮೇಲೆ ಕೂರುವ ಸ್ಪೇಸರ್ ಹಾಗಲ್ಲ ಅನ್ನುವವರಿದ್ದಾರೆ. ನಿಜ, ಅದರಲ್ಲಿ ಟ್ರಾವೆಲ್ ಉಳಿಯುತ್ತದೆ. ಆದರೆ ಚಕ್ರ ಕಂಪನಿ ಲೆಕ್ಕಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಮೇಲಿನ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಆರ್ಮ್‌ಗೆ ಸೇರಿಸುವ ಕೀಲು), ಸಿವಿ ಜಾಯಿಂಟ್ (ಚಕ್ರ ತಿರುಗಿಸುವ ಶಾಫ್ಟಿನ ಕೀಲು) ಎರಡೂ ಕೊನೆಯ ಕೋನಕ್ಕೆ ಹೋಗಿ ನಿಲ್ಲುತ್ತವೆ. ಸದ್ದು ಇಲ್ಲ, ಆದರೆ ಖರ್ಚು ಆಮೇಲೆ ಬರುತ್ತದೆ.

ಹಿಂದಿನ ಬ್ಲಾಕ್‌ದು ಇನ್ನೊಂದು ಕಥೆ. ಲೋಡ್ ಇಟ್ಟುಕೊಂಡು ಏರಿನಲ್ಲಿ ಕ್ಲಚ್ ಬಿಟ್ಟರೆ ಆಕ್ಸಲ್ ತಿರುಚಿಕೊಂಡು ಇಡೀ ಗಾಡಿ ಗಡಗಡ ಅನ್ನುತ್ತಿತ್ತು. ಇಷ್ಟೆಲ್ಲಾ ಅನುಭವಿಸಿ ಸಿಕ್ಕಿದ್ದೇನು? ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಉಂಡೆ) ನೆಲದಿಂದ ಮೊದಲು ಎಷ್ಟಿತ್ತೋ ಅಷ್ಟೇ. ಅದನ್ನು ಎತ್ತುವುದು ಟೈರ್ ಮಾತ್ರ. 265/65ಆರ್17ರಿಂದ 265/70ಆರ್17ಕ್ಕೆ ಹೋದರೆ ವ್ಯಾಸ 26 ಮಿಮೀ ಜಾಸ್ತಿ, ಡಿಫರೆನ್ಷಿಯಲ್ ಕೆಳಗೆ ಸಿಗುವುದು ಅದರ ಅರ್ಧ. ಆ 13 ಮಿಮೀಗೆ ಯಾವ ಬ್ಲಾಕೂ ಬೇಡ, ಅಲ್ವಾ?

ಎಲ್ಲ ಕಳಚಿ ಕಂಪನಿ ಸ್ಥಿತಿಗೆ ತಂದೆ. ಆಮೇಲೆ ಜನ ನಕ್ಕ ಕೆಲಸ ಮಾಡಿದೆ: ವೇ ಬ್ರಿಡ್ಜ್‌ಗೆ ಹೋದೆ. ಟ್ಯಾಂಕ್ ತುಂಬ ಡೀಸೆಲ್, ನಾನು ಸೀಟಿನಲ್ಲಿ, ಯಾವತ್ತೂ ಇಳಿಸದ ಸಾಮಾನು ಹಿಂದೆ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ, ಆಮೇಲೆ ಹಿಂದಿನವು ಮಾತ್ರ. ಇದನ್ನೇ ಸ್ಟೀಲ್ ಬಂಪರ್, ವಿಂಚ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಮಾಡಿದೆ. ಎರಡೂ ಸೇರಿ 90 ಕೆಜಿ ಇರಬಹುದು. ಮುಂದಿನ ಆಕ್ಸಲ್ ಮೇಲೆ ಏರಿದ್ದು 110ಕ್ಕೂ ಜಾಸ್ತಿ! ಹಿಂದೆ ಇಪ್ಪತ್ತು ಚಿಲ್ಲರೆ ಕಡಿಮೆ ಆಗಿತ್ತು. ಬಂಪರ್ ಆಕ್ಸಲ್‌ಗಿಂತ ಮುಂದೆ ತೂಗುವುದರಿಂದ ಹಿಂಭಾಗವನ್ನು ಸ್ವಲ್ಪ ಎತ್ತುತ್ತದೆ. ಈ ಅಂಕಿ ಕೈಯಲ್ಲಿಲ್ಲದೆ ಕಾಯಿಲ್ ಆರಿಸಿದರೆ ಕಣ್ಣು ಮುಚ್ಚಿ ಆರಿಸಿದಂತೆ.

ಹಿಂದಿನ ಲೀಫ್‌ಗಂತೂ ಇದೇ ಮುಖ್ಯ. ನನ್ನ ಕ್ಯಾನಪಿ (ಹಿಂದಿನ ತೊಟ್ಟಿಯ ಮೇಲಿನ ಮುಚ್ಚಿಗೆ), ಡ್ರಾಯರ್, ಟೂಲ್ಸ್ ಎಲ್ಲ ಸೇರಿ ಕಾಯಂ ಭಾರ 150 ಕೆಜಿ ಒಳಗೆ. ಒಂದು ಗ್ಯಾರೇಜಿನವರು 300 ಕೆಜಿ ಕಾಯಂ ಭಾರದ ಸೆಟ್ಟೇ ಹಾಕಿಸಿಕೊಳ್ಳಿ ಅಂತ ಹಿಡಿದು ಕೂತಿದ್ದರು. "ಗಟ್ಟಿ ಇದ್ದರೆ ಒಳ್ಳೇದು ತಾನೇ" ಅಂತ. ಅದೇ ಸೆಟ್ ಇದ್ದ ಸ್ನೇಹಿತನ ಗಾಡಿಯನ್ನು ಖಾಲಿ ಓಡಿಸಿದೆ. ಜಲ್ಲಿ ರಸ್ತೆಯಲ್ಲಿ ಪ್ಲೇಟು ಬಗ್ಗುವುದೇ ಇಲ್ಲ, ಹಿಂದಿನ ಚಕ್ರ ಕುಣಿಯುತ್ತದೆ, ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ನಾನು ಮಧ್ಯಮ ಸೆಟ್ ತಂದೆ. ಮುಂದಕ್ಕೆ ಬಂಪರ್, ವಿಂಚ್ ಭಾರಕ್ಕೆ ಹೇಳಿದ ಕಾಯಿಲ್. 40 ಮಿಮೀ ಅನ್ನುವುದು ನಾನು ಆರಿಸಿದ್ದಲ್ಲ, ಭಾರಕ್ಕೆ ಸರಿಯಾದ ಸ್ಪ್ರಿಂಗ್ ತಾನಾಗಿ ಕೊಟ್ಟ ಎತ್ತರ.

ಇನ್ನು ಶಾಕ್. ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಇಲ್ಲಿಗೇ ಹೋಯಿತು, ಬೇಕೆಂದೇ ಹಾಗೆ ಮಾಡಿದೆ. ಎತ್ತರ ಕಡಿಮೆ ಇಟ್ಟಿದ್ದರಿಂದ ಬೇರೆ ಮೇಲಿನ ಕಂಟ್ರೋಲ್ ಆರ್ಮ್ (ಚಕ್ರ ಹಿಡಿಯುವ ತೋಳು) ಬೇಕಾಗಲಿಲ್ಲ, ಡಿಫ್ ಡ್ರಾಪ್ (ಡಿಫರೆನ್ಷಿಯಲ್ ಕೆಳಗಿಳಿಸುವ ಕಿಟ್) ಬೇಕಾಗಲಿಲ್ಲ, ಪ್ರೊಪೆಲ್ಲರ್ ಶಾಫ್ಟ್‌ನ ಸೆಂಟರ್ ಬೇರಿಂಗ್‌ಗೆ ಪ್ಯಾಕಿಂಗ್ ಬೇಕಾಗಲಿಲ್ಲ. 3 ಇಂಚು ಹಾಕಿದವರು ಇವಕ್ಕೆ ಸುರಿದ ದುಡ್ಡಿನಲ್ಲಿ ನನಗೆ ಒಂದು ಜೊತೆ ಒಳ್ಳೆಯ ಶಾಕ್ ಬಂತು.

ನೋಡಿದ್ದು ಮೂರು ಬಗೆ. ಓಲ್ಡ್ ಮ್ಯಾನ್ ಈಮುವಿನ ನೈಟ್ರೋಚಾರ್ಜರ್, ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆ). ಟಫ್ ಡಾಗ್‌ನ ಫೋಮ್ ಸೆಲ್, ಅನಿಲದ ಬದಲು ಫೋಮ್ ಇರುವ ಟ್ವಿನ್ ಟ್ಯೂಬ್. ಬಿಲ್‌ಸ್ಟೀನ್ 5100, 46 ಮಿಮೀ ಪಿಸ್ಟನ್ನಿನ ಮೊನೋಟ್ಯೂಬ್ (ಒಂದೇ ಕೊಳವೆ). ಖಾಲಿ ಗಾಡಿಯಲ್ಲಿ ನಿಧಾನಕ್ಕೆ ಹೋದರೆ ಟ್ವಿನ್ ಟ್ಯೂಬ್ ಮೆತ್ತಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನದು ಗಂಟೆಗಟ್ಟಲೆ ಅಲೆಅಲೆಯಾದ ಮಣ್ಣು ರಸ್ತೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಒಂದೇ ರಸ್ತೆಯಲ್ಲಿ ಎರಡೂ ಬಗೆ ಅಳೆದೆ. ಮೊನೋಟ್ಯೂಬ್ ಹೊರಮೈ 70 ಡಿಗ್ರಿ ಆಸುಪಾಸು, ಟ್ವಿನ್ ಟ್ಯೂಬ್ ಅದಕ್ಕಿಂತ ತಣ್ಣಗೆ. ಆದರೂ ಮೊದಲು ಸೋತದ್ದು, ಅಂದರೆ ಬಿಸಿಗೆ ಹಿಡಿತ ಬಿಟ್ಟದ್ದು, ಟ್ವಿನ್ ಟ್ಯೂಬೇ. ಮೊನೋಟ್ಯೂಬ್‌ನಲ್ಲಿ ಪಿಸ್ಟನ್ ಓಡುವ ಕೊಳವೆಯೇ ಹೊರಮೈ, ಬಿಸಿ ನೇರ ಗಾಳಿಗೆ ಹೋಗುತ್ತದೆ. ಕೈಗೆ ಸುಡುವುದು ಒಳ್ಳೆಯ ಲಕ್ಷಣ. ಇದನ್ನು ನಂಬಿಸೋಕೆ ನನಗೆ ತುಂಬ ಹೊತ್ತು ಬೇಕಾಯಿತು. ರಿಸರ್ವಾಯರ್ (ಪಕ್ಕದ ಹೆಚ್ಚುವರಿ ಡಬ್ಬಿ) ಇರುವ ಫಾಕ್ಸ್ ಶಾಕ್ ಇನ್ನೂ ಚೆನ್ನ, ಆದರೆ ನನ್ನ ವೇಗಕ್ಕೆ ಅಷ್ಟು ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.

ನಾನು ಹಾಕಿಸಿದ 5100ರ ಮುಂದಿನ ಶಾಕ್‌ನಲ್ಲಿ, ಎತ್ತರ ಹೊಂದಿಸಲು, ಕಾಯಿಲ್ ಕೂರುವ ತಟ್ಟೆಯ ಕ್ಲಿಪ್‌ಗೆ ಗ್ರೂವ್‌ಗಳಿರುತ್ತವೆ. ಹಳೆಯ ಕಾಯಿಲ್ ಇಟ್ಟುಕೊಂಡು ಕ್ಲಿಪ್ಪನ್ನು ಮೇಲಿನ ಗ್ರೂವ್‌ಗೆ ಹಾಕಿದರೆ ಅದೂ ಪ್ರಿಲೋಡೇ (ಕಾಯಿಲನ್ನು ಮೊದಲೇ ಒತ್ತಿಡುವುದು), ಸ್ಪೇಸರ್‌ನ ತಮ್ಮ. ನಾನು ಕೆಳಗಿನ ಗ್ರೂವ್‌ನಲ್ಲೇ ಬಿಟ್ಟೆ, ಎತ್ತರ ಕಾಯಿಲ್‌ನಿಂದ ತೆಗೆದೆ. ಈಗ ಚಕ್ರ 75 ಮಿಮೀಗೂ ಜಾಸ್ತಿ ಇಳಿಯುತ್ತದೆ, ಟಕ್ ಸದ್ದಿನ ಸುಳಿವೇ ಇಲ್ಲ.

ಹಿಂದಿನ ಶಾಕ್ ಉದ್ದ ಸರಿ ಇದೆಯೋ ಇಲ್ಲವೋ ನೋಡೋಕೆ ಕೇಬಲ್ ಟೈ ಸಾಕು. ಶಾಫ್ಟ್‌ಗೆ ಬಿಗಿಯಾಗಿ ಕಟ್ಟಿ, ಶಾಕ್‌ನ ಕೊಳವೆಗೆ ತಾಗುವ ಹಾಗೆ ತಳ್ಳಿ, ದಿನದ ರಸ್ತೆಯಲ್ಲಿ ಹೋಗಿ ಬನ್ನಿ. ಟೈ ಎಷ್ಟು ಸರಿದಿದೆಯೋ ಅಷ್ಟು ಶಾಕ್ ಒಳಗೆ ಹೋಗಿದೆ. ನನ್ನದು ಖಾಲಿಯಲ್ಲಿ 60 ಮಿಮೀ, ಲೋಡ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಆಕ್ಸಲ್ ಬಂಪ್ ಸ್ಟಾಪ್ (ಅದು ಮೇಲೇರುವುದನ್ನು ತಡೆಯುವ ರಬ್ಬರ್) ಮುಟ್ಟುವಾಗಲೂ ಶಾಫ್ಟ್ ಇನ್ನೂ ಬೆರಳಗಲ ಹೊರಗಿರಬೇಕು. ಇಲ್ಲದಿದ್ದರೆ ಶಾಕೇ ಬಂಪ್ ಸ್ಟಾಪ್ ಕೆಲಸ ಮಾಡಿ ಒಡೆದುಹೋಗುತ್ತದೆ.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಓವರ್‌ಲೋಡ್ ಪ್ಲೇಟು (ಭಾರ ಬಿದ್ದಾಗ ಕೆಲಸ ಮಾಡುವ ಲೀಫ್‌ನ ದಪ್ಪ ಪ್ಲೇಟು) ತೆಗೆದು ಓಡಿಸಿದೆ: ಖಾಲಿಯಲ್ಲಿ ರೇಷ್ಮೆ, ಲೋಡ್ ಹಾಕಿದರೆ ಹಿಂಭಾಗ ಕೂತೇ ಬಿಡುತ್ತದೆ. ವಾಪಸ್ ಹಾಕಿದೆ. ಪ್ಲೇಟುಗಳ ತುದಿಗೆ ನೈಲಾನ್ ಲೈನರ್ ಕೊಟ್ಟೆ, ಸಣ್ಣ ಗುಂಡಿಗಳ ಕುಟ್ಟಾಟ ಗಮನಕ್ಕೆ ಬರುವಷ್ಟು ಕಡಿಮೆಯಾಯಿತು. ಅತಿ ಅಗ್ಗದ ಲಾಭ ಮಾತ್ರ ಟೈರಿನದು. 36 ಪಿಎಸ್‌ಐನಿಂದ 31ಕ್ಕೆ ಇಳಿಸಿದಾಗ, ಬರೀ ಮಣ್ಣು ರಸ್ತೆಯಲ್ಲಿ, ಅರ್ಧ ಶಾಕ್ ಬದಲಿಸಿದಷ್ಟು ವ್ಯತ್ಯಾಸ. ಹಿಂದಿನ ಶಾಕ್‌ನ ರಿಬೌಂಡ್ ಶಿಮ್ (ಶಾಕ್ ಮತ್ತೆ ಹಿಗ್ಗುವ ವೇಗ ಹಿಡಿಯುವ ತೆಳು ಬಿಲ್ಲೆ) ಕೂಡ ಬದಲಿಸಿ ಮತ್ತೆ ನೈಟ್ರೋಜನ್ ತುಂಬಿಸಿದ್ದೇನೆ. ಯಾವ ಶಿಮ್, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಅದು ನನ್ನ ಗಾಡಿಯ ಭಾರಕ್ಕೆ ಕೂತದ್ದು, ಕೂರಿಸೋಕೆ ತುಂಬ ಎಣ್ಣೆ ಚೆಲ್ಲಿದ್ದೇನೆ.

ಫಿಟ್ಟಿಂಗ್‌ನಲ್ಲಿ ಹೇಳಲೇಬೇಕಾದ್ದು ಒಂದಿಷ್ಟು. ಆರ್ಮ್ ಬುಷ್, ಲೀಫ್ ಬುಷ್ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಕೊಡಿ. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಲೀಫನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್ ಹೊಸದೇ ಇರಲಿ. ಹಿಂದಿನ ಬ್ರೇಕ್‌ಗೆ ಲೋಡ್ ಸೆನ್ಸಿಂಗ್ ವಾಲ್ವ್ ಇದ್ದರೆ ಅದರ ಬ್ರಾಕೆಟ್ ಸರಿಪಡಿಸಿ. ಎತ್ತರ ಏರಿದ್ದನ್ನು ಅದು ಖಾಲಿ ಗಾಡಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಅಲೈನ್‌ಮೆಂಟ್‌ನಲ್ಲಿ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದನ್ನೇ ನೋಡಿ ಕಳಿಸಲು ಬಿಡಬೇಡಿ, ಕ್ಯಾಸ್ಟರ್ (ಸ್ಟೇರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೇಳಿ. ನನ್ನದು ಲಿಫ್ಟ್ ಆದ ಮೇಲೆ 2 ಡಿಗ್ರಿಗೆ ಇಳಿದಿತ್ತು, ಸ್ಟೇರಿಂಗ್ ಅತ್ತಿತ್ತ ಅಲೆಯುತ್ತಿತ್ತು. ಕೋನ ಹೊಂದಿಸುವ ಕಂಪನಿ ಕ್ಯಾಮ್ ಬೋಲ್ಟಿನಲ್ಲೇ 3ರ ಹತ್ತಿರ ತಂದರು, ಸರಿಹೋಯಿತು. ಹೆಡ್‌ಲೈಟೂ ತಗ್ಗಿಸಿಕೊಳ್ಳಿ.

ಕೆಲವು ನೂರು ಕಿಮೀ ಆದ ಮೇಲೆ ಯು ಬೋಲ್ಟ್ ಮತ್ತೆ ಬಿಗಿದೆ, ಕಾಲು ಸುತ್ತು ತೆಗೆದುಕೊಂಡಿತು. ಹಿಂದಿನ ಲೀಫ್ 8-10 ಮಿಮೀ ಕೂತಿದೆ, ಅಷ್ಟು ಕೂರುತ್ತದೆ ಅಂತ ಮೊದಲೇ ಲೆಕ್ಕ ಹಿಡಿದಿದ್ದೆ. ಎಡ ಬಲ ನಡುವೆ 5 ಮಿಮೀ ವ್ಯತ್ಯಾಸ ಉಳಿದಿದೆ. ಟ್ಯಾಂಕ್ ಖಾಲಿಯಾದಾಗ ಮತ್ತೊಮ್ಮೆ ಅಳೆದು, ಪ್ಯಾಕಿಂಗ್ ಬೇಕೋ ಬೇಡವೋ ನೋಡುತ್ತೇನೆ.