ಬೆಂಗಳೂರು ಬಿಟ್ಟರೆ ಎಷ್ಟು ಉಳಿಯುತ್ತೆ? ನಾನು ಲೆಕ್ಕ ಹಾಕಿದ್ದು ಹೀಗೆ

2024ರ ಜನವರಿಯಲ್ಲಿ ನಮ್ಮ ಕಂಪನಿಯವರು ಒಂದು ಆಯ್ಕೆ ಕೊಟ್ಟರು. ಬೆಂಗಳೂರು ಬಿಟ್ಟು ಬೇಕಾದ ಊರಿಂದ ಕೆಲಸ ಮಾಡಬಹುದು, ಆದರೆ ಸಂಬಳದಲ್ಲಿ ಶೇ 10 ಕಡಿತ. ನನ್ನ ಹೆಂಡತಿಯ ತವರು ಧಾರವಾಡದ ಪಕ್ಕದ ಹಳ್ಳಿ. ಅವಳು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿ ಆಗಿತ್ತು. "ಧಾರವಾಡದಾಗ ಖರ್ಚು ಅರ್ಧಕ್ಕರ್ಧ ಕಡಿಮಿ" ಅಂದಳು. ನಾನು ತುಮಕೂರಿನವನು. ಚೀಟಿ ಬರೆಯದೆ ಸಂತೆಗೂ ಹೋಗುವವನಲ್ಲ.

ಶೇ 10 ಏನು ಮಹಾ ಅನಿಸಿತ್ತು. ಪೆನ್ನು ಹಿಡಿದ ಮೇಲೆ ಗೊತ್ತಾಯಿತು. ಕೈಗೆ ಬರುತ್ತಿದ್ದದ್ದು 90 ಸಾವಿರ, ಅದರಲ್ಲಿ 9 ಸಾವಿರ ಹೋಗುತ್ತೆ. ನಮ್ಮ ತಿಂಗಳ ಖರ್ಚು 60 ಸಾವಿರ. ಈಗ ಉಳಿಯುವಷ್ಟೇ ಅಲ್ಲೂ ಉಳಿಯಬೇಕು ಅಂದರೆ ಆ 9 ಸಾವಿರ ಖರ್ಚಿನಿಂದಲೇ ಇಳಿಯಬೇಕು, ಅಲ್ವಾ? 60 ಸಾವಿರಕ್ಕೆ ಅದು ಶೇ 15. ಕಂಪನಿ ಹೇಳಿದ್ದು ಹತ್ತು, ನಾನು ಹುಡುಕಬೇಕಾದ್ದು ಹದಿನೈದು.

ಮೊದಲ ಸಲ ಎಡವಿದ್ದೂ ನಾನೇ. ಕೇಂದ್ರದ ಲೇಬರ್ ಬ್ಯೂರೋ ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಕೊಡುತ್ತೆ, ಊರೂರಿನ ಲೆಕ್ಕ ಬೇರೆ ಬೇರೆ. ಅದನ್ನು ತೆರೆದು, ಅಂಕಿ ದೊಡ್ಡದಿದ್ದ ಊರು ದುಬಾರಿ, ಚಿಕ್ಕದಿದ್ದದ್ದು ಅಗ್ಗ ಅಂತ ಗುರುತು ಹಾಕುತ್ತಾ ಕೂತೆ. ಅರ್ಥಶಾಸ್ತ್ರ ಓದಿದ ಗೆಳೆಯ ನೋಡಿ ನಕ್ಕುಬಿಟ್ಟ. ಅಲ್ಲಿ ಪ್ರತಿ ಊರಿನ 2016ರ ಬೆಲೆಯನ್ನೂ 100 ಅಂತ ಇಟ್ಟುಕೊಂಡಿರುತ್ತಾರೆ. ಆಮೇಲೆ ಆ ಊರಿನಲ್ಲಿ ಬೆಲೆ ಎಷ್ಟು ಏರಿತು ಅನ್ನುವುದಷ್ಟೇ ಅದರಲ್ಲಿರುವುದು. "ಎರಡು ಮನೆ ಹುಡುಗರು 2016ರಿಂದ ಎಷ್ಟೆಷ್ಟು ಬೆಳೆದರು ಅಂತ ಗೊತ್ತಾಗುತ್ತೆ. ಯಾರು ಎತ್ತರ ಅಂತ ಅಲ್ಲ" ಅಂದ. ಎರಡು ಸಂಜೆ ದಂಡ.

ಊರು ಊರು ಹೋಲಿಸುವ ಒಂದು ವೆಬ್‌ಸೈಟೂ ನೋಡಿದೆ. ಅದರ ಬುಟ್ಟಿಯಲ್ಲಿ ಜಿಮ್, ಸಿನಿಮಾ, ಇಬ್ಬರ ಹೋಟೆಲ್ ಊಟ ಎಲ್ಲ ಇತ್ತು. ಜೋಳ ಇರಲಿಲ್ಲ.

ಆಮೇಲೆ ಮಾಡಿದ್ದೇ ಸರಿಯಾದ ಕೆಲಸ. ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಯುಪಿಐ ಪಟ್ಟಿ ತೆಗೆದು ಸರಾಸರಿ ಹಾಕಿದೆ. ಒಂದೇ ತಿಂಗಳು ತೆಗೆದರೆ ಆಗಲ್ಲ, ಜೂನ್‌ನಲ್ಲಿ ಸ್ಕೂಲ್ ಫೀಸು, ಅಕ್ಟೋಬರ್‌ನಲ್ಲಿ ಹಬ್ಬ. ವಿಮೆ, ಉಳಿತಾಯ ಹೊರಗಿಟ್ಟೆ, ಅವು ಊರು ನೋಡಿ ಬದಲಾಗಲ್ಲ. ಉಳಿದದ್ದು: ಬಾಡಿಗೆ 22,000, ಅಡುಗೆಮನೆ 14,000, ಸ್ಕೂಲು ಮತ್ತು ವ್ಯಾನು 9,000, ಪೆಟ್ರೋಲು 4,500, ಕೆಲಸದವರಿಗೆ 2,500, ಬಟ್ಟೆ, ಔಷಧಿ, ಮೊಬೈಲ್ ಇತ್ಯಾದಿ 8,000.

ಈ ಪಟ್ಟಿ ಹಿಡಿದು ಮಾರ್ಚ್‌ನಲ್ಲಿ ಒಂದು ವಾರ ಧಾರವಾಡದಲ್ಲಿ ಓಡಾಡಿದೆ. ದಿನಸಿ ಅಂಗಡಿಯಲ್ಲಿ ಮೊದಲ ನಿರಾಸೆ. ನಂದಿನಿ ಹಾಲು ಅದೇ ದರ. ಎಣ್ಣೆ, ಸೋಪು, ಟೀಪುಡಿ ಎಲ್ಲದರ ಮೇಲೂ ಅದೇ ಎಂಆರ್‌ಪಿ. ಸೂಪರ್ ಮಾರ್ಕೆಟ್‌ಗೆ ಹೋದಾಗ ಸ್ವಲ್ಪ ಜೀವ ಬಂತು (ಹೆಸರು ಸೂಪರ್ ಮಾರ್ಕೆಟ್, ಇರುವುದು ಬಯಲಲ್ಲಿ ಕೂತು ಮಾರುವ ಸಂತೆ). ಮೆಂತ್ಯದ ಸೊಪ್ಪಿಗೆ ಕೈ ಹಾಕುತ್ತಲೇ ಅಜ್ಜಿ "ಹತ್ತಕ್ಕ ಎರಡು ಸೂಡು, ನಿಮಗಂತ ಮೂರು ತಗೋರಿ" ಅಂದಳು. ಸೂಡು ಅಂದರೆ ಕಟ್ಟು. ನಾನು ಸೊಪ್ಪು ತಗೊಳ್ಳದೆ ರೇಟು ಬರೆದುಕೊಳ್ಳುವುದು ನೋಡಿ, ಯಾವುದೋ ಆಫೀಸಿನಿಂದ ಬಂದವನು ಅಂದುಕೊಂಡಳೇನೋ, ಮಾತು ನಿಲ್ಲಿಸಿದಳು. ಮೂರು ಸೂಡು ತಗೊಂಡೆ. ಸೊಪ್ಪು ಅಗ್ಗ, ಟೊಮೆಟೊ ಹೆಚ್ಚು ಕಮ್ಮಿ ಬೆಂಗಳೂರಿನದೇ ಬೆಲೆ. ಅಡುಗೆಮನೆಯಲ್ಲಿ ಒಟ್ಟು ಉಳಿದದ್ದು ತಿಂಗಳಿಗೆ 800 ರೂಪಾಯಿ.

ನಿಜವಾದ ವ್ಯತ್ಯಾಸ ಇದ್ದದ್ದು ಬಾಡಿಗೆಯಲ್ಲಿ. ಸರ್ಕಾರಕ್ಕೆ ಇದು ಮೊದಲೇ ಗೊತ್ತು ನೋಡಿ. ಕೇಂದ್ರ ನೌಕರರಿಗೆ ತುಟ್ಟಿಭತ್ಯೆ ದೇಶಕ್ಕೆಲ್ಲ ಒಂದೇ, ಮನೆ ಬಾಡಿಗೆ ಭತ್ಯೆ ಮಾತ್ರ ಊರಿನ ಮೇಲೆ: ಬೆಂಗಳೂರಲ್ಲಿ ಮೂಲವೇತನದ ಶೇ 30, ಹುಬ್ಬಳ್ಳಿ-ಧಾರವಾಡದಲ್ಲಿ ಶೇ 20. ಆದರೆ ಬಾಡಿಗೆಯಲ್ಲೂ ಓಣಿ ನೋಡಬೇಕು. ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದ ಹುಡುಗರ ದಂಡೇ ಇದೆ, ಅಲ್ಲಿ ಕೇಳಿದ ಬಾಡಿಗೆಗೆ ಎದೆ ಝಲ್ಲೆಂದಿತು. ಮಾಳಮಡ್ಡಿ ಕಡೆ 12,500ಕ್ಕೆ ಸಿಕ್ಕಿತು. ಒಳಗೆ ಕಾಲಿಡುವ ಮೊದಲು ಮಾವ ಕೇಳಿದ್ದು ಒಂದೇ ಪ್ರಶ್ನೆ, "ಟಾಕಿ ಎಷ್ಟು ಲೀಟರಿಂದು?" ಅಲ್ಲಿ ಎಷ್ಟೋ ಬಡಾವಣೆಗಳಿಗೆ ನಲ್ಲಿ ನೀರು ದಿನಾ ಬರಲ್ಲ, ನಾಲ್ಕೈದು ದಿನಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡ. ನೆಲದೊಳಗಿನ ತೊಟ್ಟಿ ಚಿಕ್ಕದಿದ್ದರೆ ಉಳಿದ ಬಾಡಿಗೆಯೆಲ್ಲ ಟ್ಯಾಂಕರಿಗೆ.

ಇನ್ನೊಂದು ಖರ್ಚು ಯಾವ ಪಟ್ಟಿಯಲ್ಲೂ ಇರಲಿಲ್ಲ: ಅಡ್ವಾನ್ಸು. ಬೆಂಗಳೂರಿನ ಮನೆಗೆ ಎರಡು ಲಕ್ಷ ಕೊಟ್ಟು ಕೂತಿದ್ದೆವು, ಇಲ್ಲಿ 40 ಸಾವಿರ. ಬಿಡುಗಡೆಯಾದ 1,60,000ವನ್ನು ಶೇ 7ರ ಎಫ್‌ಡಿಯಲ್ಲಿಟ್ಟೆ, ವರ್ಷಕ್ಕೆ 11,200. ಸಾಮಾನಿನ ಲಾರಿಗೆ ಆದದ್ದು 28 ಸಾವಿರ. ಎರಡೂವರೆ ವರ್ಷಕ್ಕೆ ಸಮ. ಹಾಗಾಗಿ ಇವೆರಡನ್ನೂ ತಿಂಗಳ ಲೆಕ್ಕದಿಂದ ಬಿಟ್ಟೆ.

ಬಾಡಿಗೆಯಲ್ಲಿ 9,500, ಪೆಟ್ರೋಲಲ್ಲಿ 2,500, ಸ್ಕೂಲಲ್ಲಿ 2,000, ಕೆಲಸದವರಲ್ಲಿ 1,000, ಅಡುಗೆಮನೆಯ 800. ಕಾಗದದ ಮೇಲೆ 15,800 ಉಳಿತಾಯ. ಆಫೀಸಿಗೆ ಅಂತ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಬೇಕು, ಎರಡು ರಾತ್ರಿ ಲಾಡ್ಜು. ವಂದೇ ಭಾರತ್ 2023ರಿಂದ ಇದೆ, ಆದರೆ ನಾನು ಹತ್ತುವುದು ರಾತ್ರಿ ರೈಲಿನ ಸ್ಲೀಪರ್. ಆದರೂ 4,500. ಉಳಿಯಿತು 11,300. ಜೂನ್‌ನಲ್ಲಿ ಮನೆ ಬದಲಾಯಿಸಿದೆವು.

ಒಂದು ವರ್ಷ ಬಿಟ್ಟು ಮತ್ತೆ ಲೆಕ್ಕ ಮಾಡಿದೆ. ಬೇರೆಲ್ಲ ಹೆಚ್ಚು ಕಮ್ಮಿ ಸರಿಯಾಗಿತ್ತು. ಮರೆತದ್ದು ಬಂಧು ಬಳಗ! ಬೆಂಗಳೂರಲ್ಲಿದ್ದಾಗ ಮದುವೆ ಕರೆಯೋಲೆ ಬಂದರೆ ಫೋನಿನಲ್ಲೇ ಶುಭಾಶಯ ಹೇಳಿ ಮುಗಿಸುತ್ತಿದ್ದೆವು. ಇಲ್ಲಿ ಹದಿನೈದು ಕಿಲೋಮೀಟರ್ ದೂರದ ಮನೆಗೆ ಹೋಗದೆ ಇರೋಕಾಗುತ್ತಾ? ಕುಪ್ಪಸ, ಮುಯ್ಯಿ, ತೊಟ್ಟಿಲು, ಗೃಹಪ್ರವೇಶ, ಬಂದವರಿಗೆ ಪೇಡೆ. ಸರಾಸರಿ ತಿಂಗಳಿಗೆ 2,000. ಹಾಗಾಗಿ ನಿಜವಾಗಿ ಇಳಿದದ್ದು 9,300. ಸಂಬಳದಲ್ಲಿ ಹೋದದ್ದು 9,000. ಇಷ್ಟೆಲ್ಲ ಓಡಾಡಿ ತಿಂಗಳಿಗೆ 300 ರೂಪಾಯಿ ಲಾಭ. ಹೆಂಡತಿಗೆ ಹೇಳಿದರೆ "ಮುಯ್ಯಿ ಹೊಳ್ಳಿ ಬರತೈತಿ, ಅದನ್ನ ಖರ್ಚಿನಾಗ ಯಾಕ ಬರದ್ರಿ?" ಅಂತ ನನ್ನ ಮೇಲೇ ಹರಿಹಾಯ್ದಳು.

ಈಗ ಸಹೋದ್ಯೋಗಿ ಒಬ್ಬ ಮಂಗಳೂರಿಗೆ ಹೋಗಲು ಹೊರಟಿದ್ದಾನೆ, ನಿನ್ನ ಲೆಕ್ಕ ಕೊಡು ಅಂದ. ನನ್ನ ಅಂಕಿಗಳನ್ನೆಲ್ಲ ಅಳಿಸಿ ಖಾಲಿ ಹಾಳೆ ಕಳಿಸಿದೆ. ಅವನ ಮನೆಯಲ್ಲಿ ದಿನಾ ಮೀನು ಬೇಕು, ನಮ್ಮ ಮನೆಯಲ್ಲಿ ರೊಟ್ಟಿ. ಜೊತೆಗೆ ಒಂದು ಸಾಲು ಬರೆದೆ: ಜೂನ್, ಜುಲೈನಲ್ಲಿ ಹೋಗಿ ಮೀನಿನ ರೇಟು ಬರೆದುಕೊಳ್ಳಬೇಡ. ಆ ಎರಡು ತಿಂಗಳು ಟ್ರಾಲ್ ಬೋಟುಗಳು ಕಡಲಿಗೆ ಇಳಿಯಲ್ಲ.