ಶಾಲೆ ಮಕ್ಕಳು ದಿನಾ ಸೋಪು ಹಾಕಿ ಕೈ ತೊಳೀಬೇಕು ಅಂದ್ರೆ ಏನ್ ಮಾಡ್ಬೇಕು

ನಮ್ಮ ಕೊಡಗಿನ ಹಳ್ಳಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ ಮಗೂನ ಯಾವಾಗ ಕೈ ತೊಳೀಬೇಕು ಅಂತ ಕೇಳಿ ನೋಡಿ, ಊಟಕ್ಕೆ ಮುಂಚೆ, ಟಾಯ್ಲೆಟ್‌ಗೆ ಹೋಗಿ ಬಂದ್ಮೇಲೆ ಅಂತ ಪಟಪಟ ಹೇಳುತ್ತೆ. ಬಿಸಿಯೂಟದ ಬೆಲ್ ಹೊಡೆದ್ರೆ ಮಾತ್ರ ಬೆರಳ ತುದಿ ಒದ್ದೆ ಮಾಡ್ಕೊಂಡು ಸಾಲಿಗೆ ಓಡುತ್ತೆ. ಗೊತ್ತಿಲ್ದೆ ಅಲ್ಲ, ನಲ್ಲಿ ಇರೋದು ಕಟ್ಟಡದ ಹಿಂದೆ, ಸೋಪು ಆಫೀಸ್ ರೂಮಿನ ಬೀರುವಲ್ಲಿ, ಜುಲೈ ಮಳೇಲಿ ನೀರು ಮುಟ್ಟಿದ್ರೆ ಕೈ ಮರಗಟ್ಟುತ್ತೆ, ಇನ್ನು ಮಗು ಏನ್ ಮಾಡುತ್ತೆ ಹೇಳಿ? ಅದಕ್ಕೇ ಪೋಸ್ಟರ್ ಆಮೇಲೆ, ಮೊದಲು ಜಾಗ ಸರಿ ಮಾಡಿ.

ಊಟಕ್ಕೆ ಹೋಗೋ ದಾರೀಲೇ, ಜಗಲಿಯ ಸೂರಿನ ಕೆಳಗೆ, ಮಳೆ ಎರಚಲು ಹೊಡೀದ ಕಡೆ ಒಂದು ಟಿಪ್ಪಿ ಟ್ಯಾಪ್, ಅಂದ್ರೆ ಕಾಲಲ್ಲಿ ಒತ್ತಿದ್ರೆ ನೀರು ಬೀಳೋ ಕ್ಯಾನಿನ ನಲ್ಲಿ, ಕಟ್ಟಿ. ಎಸ್ಟೇಟಲ್ಲಿ ನೆರಳು ಮರದ ಕೊಂಬೆ ಕಡಿದಾಗ ಬೀಳೋ ಎರಡು ಗಟ್ಟಿ ಕವೆಕೋಲು ಹೂತು, ಮೇಲೊಂದು ಅಡ್ಡಕೋಲು ಇಟ್ಟು, 5 ಲೀಟರ್ ಕ್ಯಾನನ್ನ ಹಿಡಿಯಿಂದ ನೇತು ಹಾಕೋದು. ಅಡುಗೆ ಎಣ್ಣೆ ಕ್ಯಾನೇ ಆಗುತ್ತೆ, ಆದ್ರೆ ತೋಟಕ್ಕೆ ಹೊಡೆಯೋ ಕೀಟನಾಶಕ ಇದ್ದ ಕ್ಯಾನ್ ಎಷ್ಟು ತೊಳೆದ್ರೂ ಬೇಡ, ತೋಟದ ಊರಲ್ಲಿ ಇದನ್ನ ಒತ್ತಿ ಹೇಳ್ಬೇಕು. ಬಾಯಿಂದ ಸ್ವಲ್ಪ ಕೆಳಗೆ ಕಾಯಿಸಿದ ಮೊಳೆಯಿಂದ ಸಣ್ಣ ತೂತು, ಕ್ಯಾನಿನ ಕುತ್ತಿಗೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನೆಲದ ಮೇಲಿರೋ ಕೋಲಿಗೆ. ಕೋಲನ್ನ ಕಾಲಲ್ಲಿ ಒತ್ತಿದ್ರೆ ಕ್ಯಾನ್ ಬಗ್ಗಿ ಸಣ್ಣ ಧಾರೆ ಬೀಳುತ್ತೆ, ಕೊಳೆ ಕೈಯಲ್ಲಿ ಏನೂ ಮುಟ್ಟಬೇಕಾಗಿಲ್ಲ, ನೀರೂ ಬಹಳ ಕಮ್ಮಿ ಸಾಕು. ಏಪ್ರಿಲಲ್ಲಿ ಬೆಟ್ಟದ ಪೈಪಿನ ನೀರು ಬತ್ತೋ ಶಾಲೆಗಂತೂ ಇದು ದೊಡ್ಡ ಅನುಕೂಲ. ಎತ್ತರ ಒಂದನೇ ಕ್ಲಾಸಿನ ಮಗೂಗೆ ಎಟುಕೋ ಹಾಗಿರ್ಲಿ. ಕೆಳಗೆ ಜಲ್ಲಿ ಹಾಕಿ, ಇಲ್ಲಾಂದ್ರೆ ಕೆಸರಾಗುತ್ತೆ. ಸೋಪನ್ನ ಈರುಳ್ಳಿ ಬರೋ ನೆಟ್ ಚೀಲದಲ್ಲಿ ಹಾಕಿ ಪಕ್ಕದಲ್ಲೇ ಕಟ್ಟಿ.

ಇನ್ನು ಸೋಪು ಯಾಕೆ ಅಂತ ಮಕ್ಕಳಿಗೆ ಬಾಯಲ್ಲಿ ಹೇಳ್ಬೇಡಿ, ತೋರಿಸಿ. ಅಂಗೈಗೆ ಎರಡು ಹನಿ ತೆಂಗಿನೆಣ್ಣೆ, ಮೇಲೆ ಚಿಟಿಕೆ ಕಾಫಿ ಪುಡಿ ಹಾಕಿ ಚೆನ್ನಾಗಿ ಉಜ್ಜಿಸಿ, ಬರೀ ನೀರಲ್ಲಿ ತೊಳೆಯೋಕೆ ಹೇಳಿ. ಪುಡಿ ಬೆರಳ ಸಂದೀಲಿ, ಉಗುರಿನ ಬುಡದಲ್ಲಿ ಹಾಗೇ ಕೂತಿರುತ್ತೆ. ಆಮೇಲೆ ಸೋಪು ಹಾಕಿಸಿ, ಎಣ್ಣೆ ಜೊತೆ ಪುಡಿನೂ ಹೋಗುತ್ತೆ. ಕಣ್ಣಿಗೆ ಕಾಣದ ಕ್ರಿಮಿಗಳೂ ಹಿಂಗೇ ಜಿಡ್ಡಿಗೆ ಅಂಟಿರ್ತವೆ ಅಂತ ಆಗ ಹೇಳಿದ್ರೆ ತಲೆಗೆ ಹೋಗುತ್ತೆ.

ಉಜ್ಜೋದು ಕನಿಷ್ಠ 20 ಸೆಕೆಂಡ್. ಅಂಗೈ, ಹಿಂಗೈ, ಬೆರಳ ಸಂದಿ ಮಕ್ಕಳು ಹೆಂಗೋ ಮಾಡ್ತಾರೆ, ಹೆಬ್ಬೆರಳು ಮತ್ತೆ ಉಗುರು ಬಿಟ್ಟೇ ಬಿಡ್ತಾರೆ, ಅದನ್ನೇ ನೋಡಿ. ಮಣ್ಣಲ್ಲಿ ಆಡೋ ಮಕ್ಕಳ ಉಗುರಲ್ಲಿ ಜಂತುಹುಳದ ಮೊಟ್ಟೆ ಸೇರಿ ಬಾಯಿಗೆ ಹೋಗುತ್ತೆ, ಶಾಲೇಲಿ ಕೊಡೋ ಅಲ್ಬೆಂಡಜೋಲ್ ಮಾತ್ರೆ ಹೊಟ್ಟೇಲಿರೋ ಹುಳ ಸಾಯಿಸುತ್ತೆ ಅಷ್ಟೇ, ಮತ್ತೆ ಬರೋದನ್ನ ತಡೆಯಲ್ಲ. ತೊಳೆದ ಕೈ ಯೂನಿಫಾರ್ಮಿಗೆ ಒರೆಸದೆ ಗಾಳೀಲಿ ಒಣಗಿಸೋಕೆ ಹೇಳಿ. ತಣ್ಣೀರಾದ್ರೂ ಸೋಪು ಕೆಲಸ ಮಾಡುತ್ತೆ, ಆದ್ರೂ ಮಳೆಗಾಲದಲ್ಲಿ ಅಡುಗೆಯವ್ರು ಒಂದು ಚೊಂಬು ಬಿಸಿನೀರು ಕ್ಯಾನಿಗೆ ಬೆರೆಸಿದ್ರೆ ಮಕ್ಕಳು ಹಿಂದೇಟು ಹಾಕಲ್ಲ.

ಕ್ಯಾನ್ ತುಂಬೋ ಕೆಲಸ ವಾರಕ್ಕೊಂದು ಕ್ಲಾಸಿಗೆ ಕೊಡಿ. ಸೋಪಿನ ಖರ್ಚು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೀಟಿಂಗಲ್ಲೇ ಬರೆಸಿ, ಟೀಚರ್ ಕೈಯಿಂದ ಹಾಕೋ ಹಾಗೆ ಆಗ್ಬಾರ್ದು.