ವಿಮಾನದ ಸೀಟಿಗೆ ಬೇರೆ ರೊಕ್ಕ ಬೇಕಿಲ್ಲ

ರಾಯಚೂರು ರೈಲು ನಿಲ್ದಾಣದ ಹತ್ತಿರದ ಒಂದು ಆನ್‌ಲೈನ್ ಸೆಂಟರಿನಲ್ಲಿ ಪಹಣಿ ತೆಗೆಸಲು ಕೂತಿದ್ದೆ. ಪಕ್ಕದಲ್ಲಿ ದೇವದುರ್ಗದ ಕಡೆಯ ವಯಸ್ಸಾದ ಗಂಡ ಹೆಂಡತಿ ಇದ್ದರು. ಕಾಶಿಗೆ ಹೊರಟವರು. ಹೈದರಾಬಾದ್‌ನಿಂದ ವಾರಾಣಸಿಗೆ ವಿಮಾನ, ಇಬ್ಬರಿಗೂ ಅದೇ ಮೊದಲ ಸಲ. ಕಂಪ್ಯೂಟರಿನ ಪರದೆ ಮೇಲೆ ವಿಮಾನದ ಸೀಟುಗಳ ನಕ್ಷೆ ತೆರೆದಿತ್ತು, ಕಂಡ ಕಂಡ ಸೀಟಿನ ಮೇಲೆಲ್ಲ ಒಂದೊಂದು ದರ. ಅಜ್ಜ ನನ್ನ ಕಡೆ ತಿರುಗಿ ಕೇಳಿದರು: "ತಮ್ಮಾ, ಟಿಕೇಟಿಗೆ ಕೊಟ್ಟೀವಿ, ಈಗ ಸೀಟಿಗೆ ಬ್ಯಾರೆ ರೊಕ್ಕ ಅಂತ. ಕೊಡಲಿಲ್ಲಂದ್ರ ನಿಂತು ಹೋಗಬೇಕೇನು?"

ಈ ಪ್ರಶ್ನೆಯನ್ನು ನಾನು ನಮ್ಮ ಭಾಗದಲ್ಲಿ ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಮೊದಲ ಸಲ ವಿಮಾನ ಹತ್ತುವವರು ಆ ನಕ್ಷೆ ನೋಡಿ ಹೆದರಿ ಹಣ ಕಟ್ಟುತ್ತಾರೆ. ಸೀಟಿಗೆ 300 ರೂಪಾಯಿಯಂತೆ ನಾಲ್ಕು ಜನರ ಕುಟುಂಬ ಹೋಗಿಬರುವಷ್ಟರಲ್ಲಿ 2,400 ರೂಪಾಯಿ ಆಯಿತು. ಅದು ಕಟ್ಟಲೇಬೇಕಾದ ಹಣ ಅಲ್ಲ. ಟಿಕೆಟ್ ಕೊಂಡ ಮೇಲೆ ಕೂರಲು ಸೀಟು ಅದರಲ್ಲೇ ಬಂದಿರುತ್ತದೆ. ಕಂಪನಿ ಕೇಳುವುದು "ನನಗೆ ಇಂಥದ್ದೇ ಸೀಟು ಬೇಕು" ಎಂದು ಮುಂಚಿತವಾಗಿ ಆರಿಸಿಕೊಳ್ಳುವುದಕ್ಕೆ. ವಿಮಾನಯಾನದ ಮೇಲುಸ್ತುವಾರಿ ನೋಡುವ ಡಿಜಿಸಿಎ ಕೂಡ ಇದನ್ನು ಐಚ್ಛಿಕ ಸೇವೆ ಎಂದೇ ಹೇಳುತ್ತದೆ. ಪ್ರಯಾಣಿಕ ತಾನಾಗಿ ಬೇಕೆಂದರೆ ಮಾತ್ರ ಸೇರಿಸಬೇಕು, ಕಂಪನಿಯೇ ಟಿಕ್ ಹಾಕಿ ಇಡುವಂತಿಲ್ಲ. 2018ರ ನವೆಂಬರ್‌ನಲ್ಲಿ ಇಂಡಿಗೊ ಕಂಪನಿ ವೆಬ್ ಚೆಕ್‌-ಇನ್‌ನಲ್ಲಿ (ನಿಲ್ದಾಣಕ್ಕೆ ಹೋಗುವ ಮುಂಚೆಯೇ ಆನ್‌ಲೈನ್‌ನಲ್ಲಿ ಸೀಟು, ಬೋರ್ಡಿಂಗ್ ಪಾಸ್ ಪಡೆಯುವುದು) ಎಲ್ಲ ಸೀಟುಗಳಿಗೂ ದರ ಹಾಕಿದಾಗ ದೇಶದ ತುಂಬ ಗದ್ದಲವಾಯಿತು. ಆಗಲೂ ಕಂಪನಿ, ವಿಮಾನ ನಿಲ್ದಾಣದಲ್ಲಿ ಉಚಿತವಾಗಿ ಸೀಟು ಹಂಚುತ್ತೇವೆ ಎಂದೇ ಸ್ಪಷ್ಟಪಡಿಸಿತ್ತು.

ಹಾಗಾದರೆ ಹಣ ಕೊಡದೆ ಒಳ್ಳೆಯ ಸೀಟು, ಅದರಲ್ಲೂ ಮನೆಯವರ ಜೊತೆಗಿನ ಸೀಟು ಪಡೆಯುವುದು ಹೇಗೆ?

ಟಿಕೆಟ್ ತೆಗೆಸುವಾಗಲೇ ಅರ್ಧ ಕೆಲಸ

ಜೊತೆಯಾಗಿ ಹೋಗುವವರೆಲ್ಲ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಟಿಕೆಟ್ ತೆಗೆಸಿ. ಕಂಪನಿಯ ಕಂಪ್ಯೂಟರಿಗೆ ನೀವು ಒಂದೇ ಮನೆಯವರು ಎಂದು ತಿಳಿಯುವುದು ಆ ನಂಬರಿನಿಂದ ಮಾತ್ರ. ಇದನ್ನು ನಾನು ಕಲಿತದ್ದು ಅವ್ವನನ್ನು ದೆಹಲಿಗೆ ಕರೆದೊಯ್ದಾಗ. ಮೊದಲು ಅವಳ ಟಿಕೆಟ್ ತೆಗೆಸಿದ್ದೆ. ನನಗೆ ರಜೆ ಸಿಕ್ಕಿದ್ದು ವಾರದ ನಂತರ, ಹಾಗಾಗಿ ನನ್ನದು ಬೇರೆ ಪಿಎನ್‌ಆರ್. ಅವ್ವನಿಗೆ 26ನೇ ಸಾಲು ಬಂತು, ನನಗೆ 11. ದೆಹಲಿಯಲ್ಲಿ ಇಳಿದ ಮೇಲೆ ನಾನು ಮುಂದೆ ನಿಂತು ಕಾಯುತ್ತಲೇ ಇದ್ದೆ, ಅವ್ವ ಬರಲಿಲ್ಲ. ಜನರೆಲ್ಲ ಇಳಿದ ಮೇಲೆ ಹಿಂದೆ ಹೋಗಿ ನೋಡಿದರೆ ಬೆಲ್ಟಿನ ಬಕ್ಕಲ್ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಮೇಲಿನ ಪಟ್ಟಿ ಎತ್ತಿದರೆ ಬಿಚ್ಚುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪಕ್ಕದವರನ್ನು ಕೇಳಲು ಭಾಷೆ ಬಾರದು. ಎರಡು ಗಂಟೆಯ ದಾರಿಯಲ್ಲಿ ಒಂದು ಗುಟುಕು ನೀರನ್ನೂ ಕೇಳಿರಲಿಲ್ಲ. ಆವತ್ತಿನಿಂದ ಸೀಟಿನ ವಿಷಯ ನನಗೆ ಬರೀ ಹಣದ ಲೆಕ್ಕವಾಗಿ ಉಳಿದಿಲ್ಲ.

ಟಿಕೆಟ್ ತೆಗೆಯುವಾಗ ಸೀಟಿನ ನಕ್ಷೆ ಬಂದರೆ ಅದನ್ನು ದಾಟಿ ಮುಂದೆ ಹೋಗಿ. ದಾಟುವ "ಸ್ಕಿಪ್" ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ, ಹಣ ಕಟ್ಟುವ ಬಟನ್ ಮಾತ್ರ ಢಾಳಾಗಿ ನಡುವೆ. ಊಟ, ವಿಮೆ, ಸೀಟು ಮೂರನ್ನೂ ಸೇರಿಸಿದ ಕಾಂಬೊ ಕಂಡರೂ ಬೇಡವೆನ್ನಿ. ಕೊನೆಗೆ ಹಣ ಕಟ್ಟುವ ಮುಂಚೆ ಒಟ್ಟು ಮೊತ್ತವನ್ನು ಒಡೆದು ತೋರಿಸುವ ಪಟ್ಟಿ ತೆರೆದು ಸೀಟಿನ ಸಾಲಿನಲ್ಲಿ ಏನಾದರೂ ಸೇರಿದೆಯೇ ನೋಡಿ.

ಆನ್‌ಲೈನ್ ಸೆಂಟರಿನಲ್ಲೋ ಏಜೆಂಟರ ಹತ್ತಿರವೋ ಟಿಕೆಟ್ ತೆಗೆಸುವವರು ಇನ್ನೆರಡು ವಿಷಯ ಗಮನಿಸಬೇಕು. ಮೊದಲನೆಯದು ಮೊಬೈಲ್ ನಂಬರ್. ಏಜೆಂಟರು ಅವಸರದಲ್ಲಿ ತಮ್ಮ ನಂಬರನ್ನೇ ಹಾಕಿಬಿಡುತ್ತಾರೆ. ಆಮೇಲೆ ಚೆಕ್‌-ಇನ್ ಶುರುವಾಯಿತು, ವಿಮಾನ ತಡವಾಯಿತು ಎಂಬ ಸಂದೇಶಗಳೆಲ್ಲ ಅವರ ಫೋನಿಗೆ ಹೋಗುತ್ತವೆ. ನಿಮ್ಮ ಅಥವಾ ಮಗನ, ಮಗಳ ನಂಬರ್ ಬರೆಸಿ. ಎರಡನೆಯದು ಹೆಸರು. ನಮ್ಮಲ್ಲಿ ಎಷ್ಟೋ ಜನರ ಆಧಾರ್‌ನಲ್ಲಿ "ಈರಮ್ಮ", "ಹನುಮಂತ" ಎಂದು ಒಂದೇ ಹೆಸರಿರುತ್ತದೆ. ವಿಮಾನದ ಟಿಕೆಟ್ ಕೊನೆಯ ಹೆಸರು ಕೇಳುತ್ತದೆ. ಆಗ ಅದೇ ಹೆಸರನ್ನು ಎರಡು ಸಲ ತುಂಬುತ್ತಾರೆ, ಇಲ್ಲವೇ ತಂದೆಯ ಹೆಸರು ಹಾಕುತ್ತಾರೆ. ವೆಬ್ ಚೆಕ್‌-ಇನ್ ಮಾಡುವಾಗ ಪಿಎನ್‌ಆರ್ ಜೊತೆ ಈ ಕೊನೆಯ ಹೆಸರನ್ನು ಟಿಕೆಟ್‌ನಲ್ಲಿದ್ದಂತೆಯೇ, ಒಂದಕ್ಷರವೂ ತಪ್ಪದೆ ಕೊಡಬೇಕಾಗಬಹುದು. ಅದಕ್ಕೆ ಟಿಕೆಟ್‌ನ ಪ್ರಿಂಟ್ ತೆಗೆದುಕೊಳ್ಳದೆ ಅಂಗಡಿ ಬಿಡಬೇಡಿ.

48 ಗಂಟೆಯ ಲೆಕ್ಕ

ಇಂಡಿಗೊ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸಾ, ಸ್ಪೈಸ್‌ಜೆಟ್ ನಾಲ್ಕೂ ಕಂಪನಿಗಳಲ್ಲಿ ದೇಶದೊಳಗಿನ ವಿಮಾನಗಳಿಗೆ ವೆಬ್ ಚೆಕ್‌-ಇನ್ ತೆರೆಯುವುದು ಹೊರಡುವ 48 ಗಂಟೆ ಮೊದಲು, ಮುಚ್ಚುವುದು 60 ನಿಮಿಷ ಮೊದಲು. ಶುಕ್ರವಾರ ಬೆಳಿಗ್ಗೆ 10:40ಕ್ಕೆ ವಿಮಾನವಿದ್ದರೆ ಬುಧವಾರ ಬೆಳಿಗ್ಗೆ 10:40ಕ್ಕೆ ಬಾಗಿಲು ತೆರೆಯಿತು ಎಂದು ತಿಳಿಯಿರಿ. ಫೋನಿನಲ್ಲಿ ಅಲಾರಂ ಇಡಿ. ಉಚಿತ ಸೀಟುಗಳು ಸ್ವಲ್ಪವೇ ಇರುತ್ತವೆ, ಮೊದಲು ಬಂದವರಿಗೆ ಅವು. ಹಬ್ಬದ ವಾರವಾದರೆ ಇನ್ನೂ ಬೇಗ ಮುಗಿಯುತ್ತವೆ.

ನಕ್ಷೆ ತೆರೆದಾಗ ಗಾಬರಿಯಾಗದೆ ಹಿಂದಿನ ಸಾಲುಗಳಿಗೆ ಹೋಗಿ. ದರವಿಲ್ಲದ, ಅಥವಾ ಸೊನ್ನೆ ರೂಪಾಯಿ ಎಂದಿರುವ ಸೀಟುಗಳು ಹೆಚ್ಚಾಗಿ ಅಲ್ಲೇ, ಅದೂ ನಡುವಿನವು. ಏರ್‌ಬಸ್ 320ರಂಥ ವಿಮಾನದಲ್ಲಿ ಒಂದು ಬದಿಗೆ ಎ, ಬಿ, ಸಿ, ಇನ್ನೊಂದು ಬದಿಗೆ ಡಿ, ಇ, ಎಫ್. ಕಿಟಕಿ ಎ ಮತ್ತು ಎಫ್, ದಾರಿಯ ಪಕ್ಕದವು ಸಿ ಮತ್ತು ಡಿ, ನಡುವಿನವು ಬಿ ಮತ್ತು ಇ. ನಡುವಿನವು ಮಾತ್ರ ಉಳಿದಿದ್ದರೆ ಇಬ್ಬರು ಅಕ್ಕಪಕ್ಕ ಕೂರಲು ಆಗುವುದಿಲ್ಲ. ಆಗ ಒಂದೇ ಸಾಲಿನ ಬಿ ಮತ್ತು ಇ ಆರಿಸುವುದಕ್ಕಿಂತ 23ಇ, 24ಇ ಎಂಬಂತೆ ಹಿಂದೆಮುಂದೆ ಇರುವ ಸೀಟು ಹಿಡಿಯಿರಿ. ಒಂದೇ ಸಾಲಿನಲ್ಲಿ ಕೂತರೆ ನಡುವೆ ಇಬ್ಬರು ಅಪರಿಚಿತರು ಮತ್ತು ಒಂದು ದಾರಿ. ಹಿಂದೆಮುಂದೆ ಕೂತರೆ ಸೀಟಿನ ಸಂದಿಯಿಂದ ಕೈ ಹಾಕಿ ಭುಜ ಮುಟ್ಟಬಹುದು, ನೀರಿನ ಬಾಟಲಿ ದಾಟಿಸಬಹುದು. ವಯಸ್ಸಾದವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ನೀವು ಹಿಂದೆ ಕೂರಿ. ಅವ್ವನ ಜೊತೆ ಈಗ ನಾನು ಹೀಗೆಯೇ ಹೋಗುವುದು.

ಉಚಿತ ಸೀಟು ಒಂದೂ ಕಾಣದಿದ್ದರೂ ಕಾರ್ಡ್ ತೆಗೆಯಬೇಡಿ. ಸೀಟು ಆರಿಸದವರಿಗೆ ಕಂಪ್ಯೂಟರ್ ತಾನೇ ಸೀಟು ಹಂಚುವ ವ್ಯವಸ್ಥೆ ಇದೆ. ಅಲ್ಲೂ ಒಂದು "ಸ್ಕಿಪ್" ಅಥವಾ "ಆಟೊ ಅಸೈನ್" ಇರುತ್ತದೆ, ಹುಡುಕಿ. ಅದೂ ಸಾಗದಿದ್ದರೆ ನಿಲ್ದಾಣದ ಕೌಂಟರ್ ಇದ್ದೇ ಇದೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವುದಕ್ಕೆ ಹಣ ಕೇಳುವಂತಿಲ್ಲ ಎಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲೇ ಹೇಳಿದೆ.

ಮಕ್ಕಳಿದ್ದರೆ ನಿಯಮ ನಿಮ್ಮ ಕಡೆ

ಇದು ತಂದೆತಾಯಿಗಳಿಗೆಲ್ಲ ಗೊತ್ತಿರಬೇಕಾದ ಮಾತು. 12 ವರ್ಷದವರೆಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್‌ನಲ್ಲಿ ಹೋಗುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗೆ ಸೀಟು ಕೊಡಬೇಕು ಎಂದು 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಎಲ್ಲ ಕಂಪನಿಗಳಿಗೆ ಸೂಚಿಸಿತು. ಮಗು ಒಂದು ಕಡೆ ತಾಯಿ ಒಂದು ಕಡೆ ಎಂದು ಕಂಪ್ಯೂಟರ್ ಹಂಚಿದ್ದರೆ ಹಣ ಕಟ್ಟಿ ಸರಿಪಡಿಸಿಕೊಳ್ಳಬೇಕಿಲ್ಲ. ಕೌಂಟರಿಗೆ ಹೋಗಿ ಮಗುವಿನ ವಯಸ್ಸು ಹೇಳಿ, ಡಿಜಿಸಿಎ ನಿಯಮವೆಂದು ನೆನಪಿಸಿ. ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

ಎರಡು ವರ್ಷ ತುಂಬದ ಕೂಸಿಗೆ ಸೀಟಿಲ್ಲ, ಮಡಿಲಲ್ಲೇ ಕೂಡಿಸಿಕೊಳ್ಳಬೇಕು. ಕೂಸಿಗೂ ಆಮ್ಲಜನಕದ ಮುಖವಾಡ ಬೇಕು, ಅವು ಲೆಕ್ಕದಷ್ಟೇ ಇರುವುದರಿಂದ ಒಂದು ಬದಿಯ ಮೂರು ಸೀಟುಗಳಲ್ಲಿ ಎರಡು ಕೂಸುಗಳಿಗೆ ಜಾಗ ಕೊಡುವುದಿಲ್ಲ. ಅಕ್ಕತಂಗಿಯರಿಬ್ಬರೂ ಕೂಸು ಎತ್ತಿಕೊಂಡು ಹೊರಟಿದ್ದರೆ ಇದು ಮೊದಲೇ ತಿಳಿದಿರಲಿ.

ದೊಡ್ಡವರ ವಿಷಯದಲ್ಲಿ ಇಂಥ ನಿಯಮವಿಲ್ಲ, ಮುದುಕರಾದರೂ ಸರಿಯೇ. ಅವರಿಗೆ ಕೌಂಟರಿನವರ ಮನಸ್ಸೇ ಆಸರೆ. ಬೇಗ ಹೋದರೆ ಆ ಮನಸ್ಸಿಗೆ ಕೈಯಲ್ಲಿ ಸೀಟುಗಳೂ ಇರುತ್ತವೆ.

ಕೌಂಟರಿನಲ್ಲಿ

ರಾಯಚೂರಿನವರಿಗೆ ಇಲ್ಲೊಂದು ಅನುಕೂಲವಿದೆ. ಮಖ್ತಲ್, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರ ದಾಟಿ ಹೋಗುವ ನಮ್ಮ ದಾರಿಯಲ್ಲಿ ವಿಮಾನ ನಿಲ್ದಾಣವಿರುವ ಶಂಶಾಬಾದ್ ಹೈದರಾಬಾದ್ ನಗರಕ್ಕಿಂತ ಮೊದಲೇ ಸಿಗುತ್ತದೆ. ನಗರದೊಳಗೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮತ್ತೆ ಹಿಂದೆ ಬರುವುದು ಬೇಡ. ಶಂಶಾಬಾದಿನಲ್ಲೇ ಇಳಿದುಕೊಂಡರೆ ಎರಡು ಗಂಟೆ ಮುಂಚೆ ಕೌಂಟರಿನ ಮುಂದೆ ನಿಲ್ಲಬಹುದು. ನಮ್ಮವರಿಗೆ ತೆಲುಗು ಬರುತ್ತದೆ, ಅದನ್ನು ಧಾರಾಳವಾಗಿ ಬಳಸಿ. "ಅವ್ವ ಮೊದಲ ಸಲ ವಿಮಾನ ಹತ್ತುತ್ತಿದ್ದಾಳೆ, ಭಾಷೆ ಬರುವುದಿಲ್ಲ, ಅಕ್ಕಪಕ್ಕ ಎರಡು ಸೀಟು ಎಲ್ಲಿದ್ದರೂ ಕೊಡಿ, ಹಿಂದಿದ್ದರೂ ಆಗಲಿ" ಎಂದು ಕೇಳಿ. "ಎಲ್ಲಿದ್ದರೂ" ಎಂಬ ಮಾತು ಬಹಳ ಕೆಲಸ ಮಾಡುತ್ತದೆ. ಕಿಟಕಿ ಬೇಕು, ಮುಂದೆ ಬೇಕು ಎಂದು ಶುರು ಮಾಡಿದರೆ ಅವರ ಕೈ ದರಪಟ್ಟಿಯ ಕಡೆ ಹೋಗುತ್ತದೆ.

ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಹೋದಾಗ ಸಣ್ಣ ವಿಮಾನವೂ ಸಿಗಬಹುದು. ಎಟಿಆರ್ ವಿಮಾನದಲ್ಲಿ ದಾರಿಯ ಎರಡೂ ಬದಿಗೆ ಎರಡೆರಡೇ ಸೀಟು, ನಡುವಿನ ಸೀಟೆಂಬುದೇ ಇಲ್ಲ. ಕಿಟಕಿಯೋ ದಾರಿಯೋ ಒಂದು ಸಿಕ್ಕೇ ಸಿಗುತ್ತದೆ. ಪ್ರಯಾಣಿಕರು ಹತ್ತಿ ಇಳಿಯುವುದು ಹಿಂಬಾಗಿಲಿನಿಂದ, ಹಾಗಾಗಿ ಹಿಂದಿನ ಸೀಟಿನವರೇ ಮೊದಲು ಇಳಿಯುತ್ತಾರೆ. ಅಲ್ಲಿ ಮುಂದಿನ ಸೀಟಿಗೆ ಹಣ ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಬೇಕೆಂದೇ ಕೊನೆಗೆ ಚೆಕ್‌-ಇನ್ ಮಾಡುವವರೂ ಇದ್ದಾರೆ. ಉಚಿತ ಸೀಟುಗಳೆಲ್ಲ ಖಾಲಿಯಾದ ಮೇಲೆ ಹಣದ ಸೀಟುಗಳೇ ಉಳಿಯುವುದರಿಂದ ಕೆಲವೊಮ್ಮೆ ಅವರಿಗೆ ಮುಂದಿನ ಸಾಲು ಸಿಗುವುದೂ ಉಂಟು. ಒಬ್ಬರೇ ಹೋಗುವವರು ಬೇಕಾದರೆ ಮಾಡಿನೋಡಲಿ. ಮನೆಮಂದಿಯ ಜೊತೆ ಹೋಗುವಾಗ ಬೇಡ. ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ ವಿಮಾನವಾದರೆ ತಡವಾಗಿ ಬಂದವರೇ ಹೊರಗುಳಿಯುವ ಭಯವಿದೆ. ಹಾಗೆ ಹೊರಗುಳಿಸಿದರೆ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡಬೇಕು. 24 ಗಂಟೆಯೊಳಗಿನ ವಿಮಾನ ಕೊಟ್ಟರೆ ಒಂದು ಬದಿಯ ಮೂಲ ದರದ ಎರಡು ಪಟ್ಟು ಮತ್ತು ಇಂಧನ ಶುಲ್ಕ ಸೇರಿ 10,000 ರೂಪಾಯಿ ಮೀರದಂತೆ ಪರಿಹಾರ, ಅದಕ್ಕೂ ತಡವಾದರೆ ನಾಲ್ಕು ಪಟ್ಟಿನ ಲೆಕ್ಕದಲ್ಲಿ 20,000 ರೂಪಾಯಿವರೆಗೆ. ಪರಿಹಾರ ಸಿಕ್ಕೀತು, ಆದರೆ ಕಾಶಿಯಲ್ಲಿ ಹಿರಿಯರ ಕಾರ್ಯಕ್ಕೆ ಗೊತ್ತು ಮಾಡಿದ ದಿನ ತಪ್ಪಿಹೋಗುತ್ತದೆ.

ವಿಮಾನ ಹತ್ತಿದ ಮೇಲೆ

ಇಷ್ಟಾದರೂ ಬೇರೆ ಬೇರೆ ಸೀಟು ಬಂದರೆ ಸಹಪ್ರಯಾಣಿಕರನ್ನು ಕೇಳಬಹುದು. ಅದಕ್ಕೂ ಒಂದು ರೀತಿ ಇದೆ. ಮೊದಲು ನಿಮ್ಮ ನಿಮ್ಮ ಸೀಟಿನಲ್ಲೇ ಕೂರಿ. ಬೇರೆಯವರ ಸೀಟಿನಲ್ಲಿ ಕೂತು, ಅವರು ಬಂದ ಮೇಲೆ "ನೀವು ಅಲ್ಲಿ ಹೋಗಿ" ಎನ್ನುವುದು ತಪ್ಪು, ಅವರು ಆ ಸೀಟಿಗೆ ಹಣ ಕೊಟ್ಟಿರಬಹುದು. ಅವರ ಸೀಟಿಗಿಂತ ಒಳ್ಳೆಯದನ್ನೇ ಬಿಟ್ಟುಕೊಡಿ. ನಿಮ್ಮಲ್ಲೊಬ್ಬರಿಗೆ ಕಿಟಕಿ ಅಥವಾ ದಾರಿಯ ಸೀಟು ಬಂದಿದ್ದರೆ, ಇನ್ನೊಬ್ಬರ ಪಕ್ಕದಲ್ಲಿ ನಡುವೆ ಕೂತವರಿಗೆ ಅದನ್ನು ಕೊಡುತ್ತೇನೆಂದು ಕೇಳಿ, ಬಹುಪಾಲು ಜನ ಎದ್ದೇಳುತ್ತಾರೆ. ಖಾಲಿ ಸೀಟು ಕಂಡರೆ ಬಾಗಿಲು ಹಾಕುವವರೆಗೆ ಕಾಯಿರಿ, ಸಿಬ್ಬಂದಿಯನ್ನು ಕೇಳಿಯೇ ಎದ್ದೇಳಿ. ಸಣ್ಣ ವಿಮಾನದಲ್ಲಂತೂ ತೂಕದ ಸಮತೋಲ ನೋಡಿ ಜನರನ್ನು ಕೂಡಿಸಿರುತ್ತಾರೆ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಜಾಗ ಹೆಚ್ಚು, ಆದರೆ ಅಲ್ಲಿ ಮಕ್ಕಳನ್ನು, ಗರ್ಭಿಣಿಯರನ್ನು, ಇನ್ನೊಬ್ಬರ ಸಹಾಯ ಬೇಕಾದವರನ್ನು ಕೂಡಿಸುವುದಿಲ್ಲ.

ಹಣ ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಂಡಿ ಆಪರೇಷನ್ ಆದವರು, ಪದೇ ಪದೇ ಏಳಬೇಕಾದ ಸಕ್ಕರೆ ಕಾಯಿಲೆಯವರು ಇದ್ದರೆ ಅವರೊಬ್ಬರಿಗೆ ದಾರಿಯ ಪಕ್ಕದ ಸೀಟು ಕೊಂಡು, ಉಳಿದವರು ಉಚಿತವಾಗಿ ಅವರ ಹತ್ತಿರ ಸೇರಿಕೊಳ್ಳಲು ನೋಡಿ.

ದೇವದುರ್ಗದ ಅಜ್ಜನಿಗೆ ಇದೆಲ್ಲ ಹೇಳಲು ಹೊತ್ತು ಸಾಲಲಿಲ್ಲ. ಸೆಂಟರಿನ ಹುಡುಗ ಸೀಟಿನ ಹಣ ತೆಗೆದುಹಾಕಿದ, ಏಜೆಂಟರ ನಂಬರಿನ ಜಾಗದಲ್ಲಿ ಅಜ್ಜನ ಮೊಮ್ಮಗಳ ನಂಬರ್ ತುಂಬಿದ. ರಸೀದಿಯ ಹಿಂದೆ ನಾನು ದೊಡ್ಡ ಅಕ್ಷರದಲ್ಲಿ "ಬುಧವಾರ ಬೆಳಿಗ್ಗೆ 10:40" ಎಂದು ಬರೆದುಕೊಟ್ಟೆ. ಅಜ್ಜಿ ಅದನ್ನು ಓದಿಸಿಕೊಂಡು ಕೇಳಿದರು: "ಹೊಳ್ಳಿ ಬರೂದಕ್ಕ?" ಎಷ್ಟೋ ಜನ ಮರೆಯುವುದು ಅದನ್ನೇ. ಬರುವ ವಿಮಾನದ ಚೆಕ್‌-ಇನ್ ಬೇರೆ, ಅದರ 48 ಗಂಟೆಯೂ ಬೇರೆ. ಅವರು ವಾಪಸ್ ಬರುವುದು ಮುಂದಿನ ಬುಧವಾರ ಮಧ್ಯಾಹ್ನ 2:20ಕ್ಕೆ. ಮೊದಲ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದೆ: "ಸೋಮವಾರ ಮಧ್ಯಾಹ್ನ 2:20, ಕಾಶಿಯಲ್ಲಿದ್ದಾಗ ಮೊಮ್ಮಗಳಿಗೆ ಫೋನ್ ಮಾಡುವುದು."